ಅವಧಿ ಲೆಕ್ಕ: ಕಮ್ಮಿ ಶಿಕ್ಷಕರಿರುವ ಕೊಡಗಿನ ಪ್ರೌಢಶಾಲೆಯಲ್ಲಿ ನಾವು ಮಾಡಿಕೊಂಡ ಏರ್ಪಾಡು

ಎಂಟು, ಒಂಬತ್ತು, ಹತ್ತು: ತಲಾ ಒಂದೇ ವಿಭಾಗ. ಕೊಡಗಿನ ಹಳ್ಳಿ ಕಡೆಯ ಹಲವು ಸರ್ಕಾರಿ ಪ್ರೌಢಶಾಲೆಗಳ ಗಾತ್ರ ಇಷ್ಟೇ. ಇಂಥಲ್ಲಿ ಒಂದು ಹುದ್ದೆ ಖಾಲಿಯಾದಾಗ ‘ಒಬ್ಬರು ಕಮ್ಮಿ’ ಎಂದು ಬರೆದುಕೊಂಡರೆ ಏನೂ ತಿಳಿಯುವುದಿಲ್ಲ. ಯಾರ ತಲೆ ಮೇಲೆ ವಾರಕ್ಕೆ ಎಷ್ಟು ಅವಧಿ (ಪೀರಿಯಡ್) ಬಿತ್ತು ಎಂದು ನೋಡಬೇಕು.

ನಮ್ಮ ವೇಳಾಪಟ್ಟಿಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 8, ಶನಿವಾರ 5, ಒಟ್ಟು 45 ಅವಧಿ. ಪ್ರತಿ ತರಗತಿಗೆ ಕನ್ನಡ, ಗಣಿತ, ವಿಜ್ಞಾನ ತಲಾ 7, ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನ ತಲಾ 6, ಹಿಂದಿ 5. ಮಿಕ್ಕ 7 ದೈಹಿಕ ಶಿಕ್ಷಣ, ಚಿತ್ರಕಲೆ, ಗ್ರಂಥಾಲಯಕ್ಕೆ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ) ಶಿಕ್ಷಕರಿಗೆ ಗಣಿತದ 21, ಭೌತಶಾಸ್ತ್ರದ 6, ಅಲ್ಲಿಗೆ 27. ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ) ಶಿಕ್ಷಕರಿಗೆ ವಿಜ್ಞಾನದ ಮಿಕ್ಕ 15. ಸಿಬಿಝಡ್ ಹುದ್ದೆ ಖಾಲಿಯಾಗಿ ಆ 15 ಕೂಡ ಪಿಸಿಎಂಗೆ ಹೋದರೆ 45ರಲ್ಲಿ 42. ಕಾಗದದ ಮೇಲೆ ಪಾಠ ನಡೆದಿರುತ್ತದೆ. ಆದರೆ ನೋಟ್ಸ್ ತಿದ್ದುವುದು, ಪ್ರಯೋಗ, ಹಿಂದುಳಿದ ಮಕ್ಕಳಿಗೆ ಮತ್ತೊಮ್ಮೆ ಹೇಳುವುದು ಮೂರೂ ನಿಂತುಹೋಗುತ್ತವೆ. ಯಾರಿಗೂ 30 ದಾಟಬಾರದು ಎಂಬುದು ನಾವು ಹಾಕಿಕೊಂಡ ಗೆರೆ.

ಅತಿಥಿ ಶಿಕ್ಷಕರು ಸಿಗುವುದು ಭಾಷೆಗೆ, ಸಮಾಜಕ್ಕೆ ಸುಲಭ. ವಿಜ್ಞಾನಕ್ಕೆ ಬಿ.ಎಸ್ಸಿ., ಬಿ.ಇಡಿ. ಆದವರು ಮಡಿಕೇರಿ, ಕುಶಾಲನಗರ ಬಿಟ್ಟು ಒಳಗೆ ಬರುವುದಿಲ್ಲ, ಬಂದರೂ ಗೌರವಧನ ತಡವಾದಾಗ ಬಸ್ ಚಾರ್ಜಿಗೇ ತತ್ವಾರ. ಆಗ ಉಳಿಯುವ ದಾರಿ ಪಕ್ಕದ ಶಾಲೆಯಿಂದ ವಾರಕ್ಕೆ ಮೂರು ದಿನದ ನಿಯೋಜನೆ. ಇದನ್ನು ಬಾಯಿಮಾತಿನಲ್ಲಿ ಮಾಡಿಕೊಳ್ಳಬೇಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಲಿಖಿತ ಆದೇಶ ಬೇಕು. ಇಲ್ಲದಿದ್ದರೆ ಆ ಶಾಲೆಯಲ್ಲಿ ಒಬ್ಬರು ರಜೆ ಹಾಕಿದ ದಿನವೇ ನಿಮ್ಮ ವಿಜ್ಞಾನ ನಿಲ್ಲುತ್ತದೆ. ದಿನ ಬಿಟ್ಟು ದಿನಕ್ಕಿಂತ ಗುರುವಾರ, ಶುಕ್ರವಾರ, ಶನಿವಾರ ಒಟ್ಟಿಗೆ ಕೇಳಿ. ಕಾರಣ ಮಳೆ. ಜುಲೈ, ಆಗಸ್ಟಿನಲ್ಲಿ ಜಿಲ್ಲಾಧಿಕಾರಿ ಘೋಷಿಸುವ ರಜೆಯನ್ನು ಶನಿವಾರ ಪೂರ್ತಿ ದಿನ ನಡೆಸಿ ತುಂಬುತ್ತೇವೆ. ನಿಯೋಜನೆಯವರು ಶನಿವಾರ ಶಾಲೆಯಲ್ಲಿದ್ದರೆ ಮಧ್ಯಾಹ್ನವನ್ನು ವಿಜ್ಞಾನಕ್ಕೆ ಬಿಟ್ಟುಕೊಡಬಹುದು. ಜೀವಶಾಸ್ತ್ರದ ಪ್ರಾತ್ಯಕ್ಷಿಕೆಗೆ ಎಂಟು, ಒಂಬತ್ತನ್ನು ಒಟ್ಟಿಗೆ ಕೂರಿಸಿದರೆ ನಡೆಯುತ್ತದೆ. ಗಣಿತಕ್ಕೆ ಮಾತ್ರ ಎಂದೂ ಕೂರಿಸಬಾರದು.

ಮುಖ್ಯ ಶಿಕ್ಷಕರಿಲ್ಲದೆ ಹಿರಿಯರೊಬ್ಬರು ಪ್ರಭಾರ ವಹಿಸಿದ್ದರೆ ಅವರಿಂದ ಕನಿಷ್ಠ 6 ಅವಧಿ ತೆಗೆಯಿರಿ. ಬಿಸಿಯೂಟ, ಸ್ಯಾಟ್ಸ್ (ಮಕ್ಕಳ ಆನ್‌ಲೈನ್ ದಾಖಲೆ), ಬಿಲ್ಲು, ಸಭೆ ಹೇಗೂ ಅಷ್ಟು ತಿನ್ನುತ್ತವೆ, ಮೊದಲೇ ತೆಗೆದಿದ್ದರೆ ಖಾಲಿ ತರಗತಿ ಇರುವುದಿಲ್ಲ. ಗುಮಾಸ್ತರಿಲ್ಲದ ಶಾಲೆಯಲ್ಲಿ ವಿದ್ಯಾರ್ಥಿವೇತನದ ಕೆಲಸವನ್ನು 15 ಅವಧಿಯ ಹಿಂದಿ ಶಿಕ್ಷಕರಿಗೆ ಕೊಡುವುದು ನ್ಯಾಯ (ಅವರು ಒಪ್ಪುವುದಿಲ್ಲ, ಪಟ್ಟಿ ತೋರಿಸಿ). ಹಣ ನಿಲ್ಲುವುದು ಹೆಚ್ಚಾಗಿ ಎರಡು ಕಡೆ: ಆಧಾರ್ ಮತ್ತು ಸ್ಯಾಟ್ಸ್‌ನಲ್ಲಿ ಹೆಸರು ಬೇರೆ ಬೇರೆ, ಅಥವಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಎರಡನ್ನೂ ಎಂಟನೇ ತರಗತಿಗೆ ಸೇರಿದ ಜೂನ್‌ನಲ್ಲೇ ನೋಡಿಬಿಡಬೇಕು. ಹತ್ತರಲ್ಲಿ ಎಸ್ಸೆಸ್ಸೆಲ್ಸಿ ನೋಂದಣಿಯಾದ ಮೇಲೆ ಹೆಸರು ತಿದ್ದುವುದು ದೊಡ್ಡ ತಲೆನೋವು.

ಇನ್ನು ಮಕ್ಕಳ ಬೆಂಬಲ. ಹತ್ತನೇ ತರಗತಿಯ ಮಕ್ಕಳನ್ನು ಶಿಕ್ಷಕರಿಗೆ ‘ದತ್ತು’ ಕೊಡುವುದು ಎಲ್ಲ ಕಡೆ ಇದೆ, ಹಂಚುವುದು ಅಂಕದ ಮೇಲೆ. ನಾವು ದಾರಿಯ ಮೇಲೆ ಹಂಚುತ್ತೇವೆ: ಒಂದು ಹಾಡಿಯವರು (ಬುಡಕಟ್ಟು ಜನರ ವಸತಿ), ಒಂದು ತೋಟದ ಲೈನ್ ಮನೆಯವರು (ಕಾರ್ಮಿಕರ ಸಾಲುಮನೆ), ಒಂದೇ ಬಸ್ಸಿನವರು ಒಬ್ಬ ಶಿಕ್ಷಕರಿಗೆ, 8ರಿಂದ 10 ಮಕ್ಕಳು. ಮಗು ಮೂರು ದಿನ ಬಾರದಿದ್ದರೆ ಅದೇ ಬಸ್ಸಿನ ಇನ್ನೊಂದು ಮಗುವನ್ನು ಕೇಳಿದರೆ ಕಾರಣ ಗೊತ್ತಾಗುತ್ತದೆ, ಮನೆ ಭೇಟಿಯೂ ಒಂದೇ ಸಲಕ್ಕೆ ಮುಗಿಯುತ್ತದೆ.

ಸಂಜೆಯ ವಿಶೇಷ ತರಗತಿ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಆಗದ ಮಾತು. ಕತ್ತಲಾದ ಮೇಲೆ ರಸ್ತೆಯಲ್ಲಿ ಆನೆ, ಬಸ್ಸೂ ಇಲ್ಲ. ಸಿಗುವ ಸಮಯ ಬೆಳಿಗ್ಗೆಯದು. ಇರುವ ಒಂದೇ ಬಸ್ಸು ಹಿಡಿದ ಮಕ್ಕಳು 9 ಕಾಲಿಗೇ ಬಂದು ಜಗಲಿಯಲ್ಲಿ ಕೂತಿರುತ್ತಾರೆ, ಪ್ರಾರ್ಥನೆ 10ಕ್ಕೆ. ಅದರಲ್ಲಿ 40 ನಿಮಿಷ ಓದು ಬಾರದವರಿಗೆ ಮೀಸಲು. ಯಾರೆಂದು ಗುರುತಿಸಲು ಸೇತುಬಂಧದ (ವರ್ಷದ ಆರಂಭದಲ್ಲಿ ಹಿಂದಿನ ಕಲಿಕೆ ನೋಡುವ ಕಾರ್ಯಕ್ರಮ) ಲಿಖಿತ ಪರೀಕ್ಷೆ ಸಾಲದು, ಪಕ್ಕದವರದ್ದು ನೋಡಿ ಬರೆದಿರುತ್ತಾರೆ. ಒಬ್ಬೊಬ್ಬರನ್ನೇ ಕರೆದು ಏಳನೇ ತರಗತಿ ಪುಸ್ತಕದ ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿ. ಮನೆಯಲ್ಲಿ ಯರವ ಭಾಷೆ ಆಡುವ ಮಗುವಿಗೆ ಅಕ್ಷರ ಗೊತ್ತಿದ್ದು ಪದದ ಅರ್ಥ ತಿಳಿಯದೆ ನಿಲ್ಲುತ್ತದೆ, ಅಸ್ಸಾಮಿನಿಂದ ಬಂದ ಕಾರ್ಮಿಕರ ಮಗುವಿಗೆ ಕನ್ನಡ ಮಾತು ಬಂದಿರುತ್ತದೆ, ಅಕ್ಷರ ಬರುವುದಿಲ್ಲ. ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿದರೆ ಇಬ್ಬರಿಗೂ ಪ್ರಯೋಜನವಿಲ್ಲ.

ಕಷ್ಟದ ತಿಂಗಳುಗಳು ಜನವರಿಯಿಂದ ಮಾರ್ಚ್. ರೊಬಸ್ಟಾ ಕೊಯ್ಲೂ ಪೂರ್ವಸಿದ್ಧತಾ ಪರೀಕ್ಷೆಯೂ ಒಟ್ಟಿಗೇ ಬರುತ್ತವೆ. ದೊಡ್ಡ ಮಕ್ಕಳು ಕಾಫಿ ಕುಯ್ಯಲು ಹೋಗುತ್ತಾರೆ, ಇಲ್ಲವೇ ತಾಯಿ ತೋಟಕ್ಕೆ ಹೋದಾಗ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾರೆ. ಎಸ್ಸೆಸ್ಸೆಲ್ಸಿಗೆ ಶೇ. 75 ಹಾಜರಾತಿ ಬೇಕು. ಆದ್ದರಿಂದ ಡಿಸೆಂಬರ್ ಕೊನೆಗೆ ಪ್ರತಿ ಮಗುವಿಗೆ ಇನ್ನೆಷ್ಟು ದಿನ ತಪ್ಪಿಸಬಹುದು ಎಂದು ಲೆಕ್ಕ ತೆಗೆದು ಪೋಷಕರಿಗೂ ತೋಟದ ರೈಟರಿಗೂ (ಲೆಕ್ಕ ನೋಡಿಕೊಳ್ಳುವವರು) ಹೇಳುತ್ತೇವೆ. ಮಿಕ್ಕ ದಿನ ಬಂದರೆ ಸಾಕು ಎಂದರೆ ಕೇಳುತ್ತಾರೆ, ಒಂದು ದಿನವೂ ತಪ್ಪಿಸಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಈ ತಿಂಗಳುಗಳಲ್ಲಿ ಹೊಸ ಪಾಠ ಇಟ್ಟುಕೊಳ್ಳಬಾರದು, ಡಿಸೆಂಬರ್‌ಗೇ ಪಠ್ಯ ಮುಗಿಸಬೇಕು.

ಅಂಗವೈಕಲ್ಯವಿರುವ ಮಕ್ಕಳ ಪರೀಕ್ಷಾ ರಿಯಾಯಿತಿಗೆ ವೈದ್ಯಕೀಯ ಪ್ರಮಾಣಪತ್ರ ನೋಂದಣಿಗೆ ಮೊದಲೇ ಕೈಯಲ್ಲಿರಬೇಕು. ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರ) ವಿಶೇಷ ಸಂಪನ್ಮೂಲ ಶಿಕ್ಷಕರಿಗೆ ಜೂನ್‌ನಲ್ಲೇ ಪಟ್ಟಿ ಕೊಡಿ. ಬರೆಯುವ ಸಹಾಯಕರಾಗುವ ಮಗು ಕೆಳಗಿನ ತರಗತಿಯದ್ದಾಗಿರಬೇಕು, ಇಬ್ಬರಿಗೂ ಒಂದೆರಡು ಕಿರುಪರೀಕ್ಷೆಯಲ್ಲಿ ಒಟ್ಟಿಗೆ ಅಭ್ಯಾಸ ಮಾಡಿಸಿ.

ಕೊನೆಯ ಪರೀಕ್ಷೆಯ ದಿನ ಪ್ರತಿ ಮಗುವಿನಿಂದ ಎರಡು ಫೋನ್ ನಂಬರ್ ಬರೆಸಿಕೊಳ್ಳುತ್ತೇವೆ: ಮನೆಯದ್ದೊಂದು, ರೈಟರದ್ದೋ ಅಂಗಡಿಯದ್ದೋ ಇನ್ನೊಂದು. ಕೊಯ್ಲು ಮುಗಿದ ಮೇಲೆ ಲೈನ್ ಮನೆ ಖಾಲಿ ಮಾಡುವವರು ಹೆಚ್ಚು. ಎಸ್ಸೆಸ್ಸೆಲ್ಸಿ ಪರೀಕ್ಷೆ 1ರಲ್ಲಿ ಫೇಲಾದವರಿಗೆ ಪರೀಕ್ಷೆ 2ರ ನೋಂದಣಿಗೆ ಇರುವ ದಿನಗಳು ಕೆಲವೇ, ಅಷ್ಟರೊಳಗೆ ಅವರನ್ನು ಹುಡುಕಬೇಕು.