ಬಾಗಿಲಲ್ಲಿ ಯಾರೋ "ಓಡಿ" ಅಂದರು: ಮಲಾವಿಯಲ್ಲಿ ಒಂದು ವರ್ಷ

ಆಫ್ರಿಕಾದ ಮಲಾವಿ ದೇಶದ ಜೋಂಬಾ ಊರಿಗೆ ಬಂದ ಮರುದಿನ ಬೆಳಿಗ್ಗೆ ಆರು ಗಂಟೆ. ಬಾಗಿಲ ಹೊರಗೆ ಹೆಂಗಸೊಬ್ಬರು "ಓಡಿ! ಓಡಿ!" ಎಂದು ಕೂಗಿದರು. ಎದೆ ಝಲ್ಲೆಂದಿತು. ಹಾವೋ, ಬೆಂಕಿಯೋ ಅಂತ ಹೊರಗೆ ಬಂದರೆ ಪಕ್ಕದ ಮನೆಯಾಕೆ ಒಂದು ತಟ್ಟೆ ಬೇಯಿಸಿದ ಗೆಣಸು ಹಿಡಿದು ನಗುತ್ತಾ ನಿಂತಿದ್ದರು. ಚಿಚೆವಾ ಭಾಷೆಯಲ್ಲಿ "ಓಡಿ" ಅಂದರೆ "ಬರಬಹುದಾ" ಅಂತ. ಬಾಗಿಲು ಬಡಿಯುವ ಬದಲು ಹೀಗೆ ಕೂಗುತ್ತಾರೆ. ಒಳಗಿದ್ದವರು "ಓಡೀನಿ" ಅಂದರೆ ಬನ್ನಿ ಅಂತ ಅರ್ಥ.

ನಾನು ತುಮಕೂರು ಕಡೆಯ ಖಾಸಗಿ ಹೈಸ್ಕೂಲೊಂದರ ವಿಜ್ಞಾನ ಟೀಚರ್. 2018ರ ಆಗಸ್ಟ್‌ನಿಂದ 2019ರ ಜುಲೈವರೆಗೆ ಜೋಂಬಾ ಹತ್ತಿರದ ಸರ್ಕಾರಿ ಸೆಕೆಂಡರಿ ಶಾಲೆಯಲ್ಲಿ ಸ್ವಯಂಸೇವಕಿಯಾಗಿ ಪಾಠ ಮಾಡಿದೆ. ಸಂದರ್ಶನ, ವೈದ್ಯಕೀಯ ತಪಾಸಣೆ, ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್, ಟೈಫಾಯ್ಡ್ ಮತ್ತು ಹೆಪಟೈಟಿಸ್ ಲಸಿಕೆ, ಇಷ್ಟಕ್ಕೇ ನಾಲ್ಕು ತಿಂಗಳು ಹಿಡಿಯಿತು. ಸಂಬಳ ಇಲ್ಲ. ಮನೆ ಕೊಡುತ್ತಾರೆ, ತಿಂಗಳ ಖರ್ಚಿಗೆ ಒಂದಿಷ್ಟು ಕ್ವಾಚಾ, ಅಂದರೆ ಅಲ್ಲಿನ ದುಡ್ಡು, ಕೊಡುತ್ತಾರೆ. ದಿನಸಿ, ತರಕಾರಿ, ಮಿನಿಬಸ್ಸು ಅಂತ ಅದು ಅಲ್ಲಿಂದಲ್ಲಿಗೇ ಸರಿಹೋಗುತ್ತದೆ. ಊರಲ್ಲಿ ಸಾಲದ ಕಂತು ಇದ್ದರೆ ತೀರಿಸಿಕೊಂಡೇ ಹೊರಡಿ.

ಊಟದ ಚಿಂತೆ ಮಾತ್ರ ಮೊದಲ ವಾರವೇ ಹೋಯಿತು. ಅಲ್ಲಿ ಮೂರು ಹೊತ್ತೂ ನ್ಸಿಮಾ ತಿನ್ನು ಅಂದರೂ ಬೇಡ ಅನ್ನುವವರಿಲ್ಲ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಮ್ತಿಕೊ ಅನ್ನುವ ಮರದ ಸೌಟಿನಿಂದ ತಿರುವುತ್ತಾರೆ. ಪಕ್ಕದ ಮನೆಯಾಕೆ ಪಾತ್ರೆಯನ್ನು ಕಾಲಲ್ಲಿ ಒತ್ತಿಹಿಡಿದು, ಎರಡೂ ಕೈಯಲ್ಲಿ ತಿರುವುವುದನ್ನು ನೋಡಿದಾಗ ನಮ್ಮಜ್ಜಿ ಮುದ್ದೆ ಕೋಲು ಹಿಡಿದು ಕೂತಂತೆಯೇ ಕಂಡಿತು. ನಾನೂ ಕೈ ಹಾಕಿದೆ. ಗಂಟಿಲ್ಲದೆ ಬಂತು. ಅವತ್ತಿನಿಂದ ನಾನು ಆ ಮನೆಯ ಹುಡುಗಿ. ನಮ್ಮ ರಾಗಿಯೂ ಆಫ್ರಿಕಾದಿಂದಲೇ ಬಂದ ಧಾನ್ಯ, ಅಲ್ವಾ? ಸೊಪ್ಪಿಗೆ ಕಡಲೆಕಾಯಿ ಪುಡಿ ಹಾಕುವುದನ್ನು ಅವರಿಂದ ಕಲಿತೆ, ಈಗಲೂ ಹಾಗೇ ಮಾಡುತ್ತೇನೆ.

ಶಾಲೆಯ ಕೆಲಸ ಅಷ್ಟು ಸುಲಭವಾಗಿ ಕೂಡಿಬರಲಿಲ್ಲ. ಸ್ನೇಹಿತರಿಂದ ದುಡ್ಡು ಸೇರಿಸಿ ಲಿಟ್ಮಸ್ ಕಾಗದ, ಪ್ರನಾಳ, ಬೀಕರ್ ಎಲ್ಲ ಕಟ್ಟಿಕೊಂಡು ಹೋಗಿದ್ದೆ. ಎಲ್ಲರೂ ಸಂತೋಷಪಟ್ಟರು. ಆಮೇಲೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಒಡೆದರೆ ಮತ್ತೆ ಯಾರು ತರುತ್ತಾರೆ ಅನ್ನುವುದು ಅವರ ಮಾತು. ಆಗ ಬೇಜಾರಾಯಿತು. ಯೋಚಿಸಿದರೆ ಅವರ ಮಾತೇ ಸರಿ. ನಾನು ಒಂದು ವರ್ಷ ಇರುವವಳು, ಶಾಲೆ ಅಲ್ಲೇ ಇರುತ್ತದೆ.

ಎರಡು ತಿಂಗಳು ಸುಮ್ನೆ ಅಲ್ಲಿನ ರಸಾಯನಶಾಸ್ತ್ರದ ಮೇಷ್ಟ್ರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತೆ. ಒಂದು ಕೋಣೆಯಲ್ಲಿ ಎಪ್ಪತ್ತು ಮಕ್ಕಳು. ಪಾಠ ಇಂಗ್ಲಿಷಿನಲ್ಲಿ, ಅರ್ಥ ಆಗದಿದ್ದರೆ ಅವರು ಮೆಲ್ಲಗೆ ಚಿಚೆವಾಕ್ಕೆ ಹೊರಳುತ್ತಿದ್ದರು. ನನ್ನ ಇಡೀ ವರ್ಷದಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಈ ಎರಡು ತಿಂಗಳೇ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಹೇಳಿದೆ: ನಮ್ಮಲ್ಲಿ ಏಳನೇ ಕ್ಲಾಸಿನ ಮಕ್ಕಳು ದಾಸವಾಳದ ರಸದಲ್ಲೇ ಆಮ್ಲ, ಪ್ರತ್ಯಾಮ್ಲ ಕಂಡುಹಿಡಿಯುತ್ತಾರೆ. ಹೂವು ಶಾಲೆಯ ಬೇಲಿಯಲ್ಲೇ ಇದೆ, ನಿಂಬೆಹಣ್ಣೂ ಇದೆ. ಪ್ರತ್ಯಾಮ್ಲಕ್ಕೆ ಏನು ಮಾಡುವುದು? ಮೇಷ್ಟ್ರು ತಕ್ಷಣ "ಚಿಡುಲೊ" ಅಂದರು. ಹುರುಳಿಕಾಯಿ ಗಿಡದ ಒಣಕಡ್ಡಿ ಸುಟ್ಟು, ಆ ಬೂದಿಯ ಮೇಲೆ ನೀರು ಹೊಯ್ದು ಸೋಸಿ ತೆಗೆಯುವ ತಿಳಿನೀರು ಅದು. ಬೆಂಡೆಕಾಯಿ ಬೇಯಿಸುವಾಗ ಹಾಕುತ್ತಾರೆ. ಅದು ಅವರ ಅಡುಗೆಮನೆಗಳಲ್ಲಿ ಎಷ್ಟೋ ಕಾಲದಿಂದ ಇದೆ. ನಾನು ಬೀಕರ್ ಹೊತ್ತುಕೊಂಡು ಹೋಗಿದ್ದೆ.

ಮರುದಿನ ಮಕ್ಕಳು ಬಾಟಲಿಗಳಲ್ಲಿ ಮನೆಯ ಚಿಡುಲೊ ತಂದರು. ದಾಸವಾಳದ ಎಸಳನ್ನು ಬಿಸಿನೀರಲ್ಲಿ ಕಿವುಚಿ, ರಸವನ್ನು ಹಳೆಯ ಬಾಟಲಿಯ ಮುಚ್ಚಳಗಳಿಗೆ ಹಾಕಿದೆವು. ನಿಂಬೆರಸ ಬಿದ್ದಾಗ ಕಡುಗೆಂಪು. ಚಿಡುಲೊ ಬಿದ್ದಾಗ ಹಸಿರು. ಹಿಂದೆ ಕೂತವರೆಲ್ಲ ಬೆಂಚು ಹತ್ತಿ ಮುಂದೆ ಬಾಗಿದರು. ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಇದು ನಮ್ಮಮ್ಮ ಮಾಡಿದ್ದು" ಅಂದಳು. ಪಾಠ ಮಾಡಿದ್ದು ಮೇಷ್ಟ್ರು. ನಾನು ಮುಚ್ಚಳ ತೊಳೆದೆ. ನಾವು ಹೊರಟ ಮೇಲೆ ಯಾರು ಮುಂದುವರಿಸುತ್ತಾರೋ, ಮೊದಲ ದಿನದಿಂದಲೇ ಕೆಲಸ ಅವರ ಕೈಯಲ್ಲಿರಬೇಕು.

ಜನವರಿ, ಫೆಬ್ರುವರಿ ಕಷ್ಟದ ತಿಂಗಳು. ಹಳೆಯ ಮೆಕ್ಕೆಜೋಳ ಮುಗಿದಿರುತ್ತದೆ, ಹೊಸ ಬೆಳೆ ಕೈಗೆ ಬರುವುದು ಮಾರ್ಚ್ ಕೊನೆಗೆ, ಏಪ್ರಿಲ್‌ಗೆ. ಮಕ್ಕಳು ಹೊಟ್ಟೆ ತುಂಬದೆ ಬರುತ್ತಿದ್ದರು, ಕೆಲವರು ಬರುತ್ತಲೇ ಇರಲಿಲ್ಲ. ಆ ವರ್ಷ ಮಾರ್ಚ್‌ನಲ್ಲಿ, ಮುಂದೆ ಇಡಾಯ್ ಚಂಡಮಾರುತವಾಗಿ ಬೆಳೆದ ಮಳೆ ದಕ್ಷಿಣ ಮಲಾವಿಯನ್ನು ಮುಳುಗಿಸಿತು. ಕೊಯ್ಲಿಗೆ ನಿಂತ ಜೋಳ ನೀರಲ್ಲಿ. ಆ ದಿನಗಳಲ್ಲಿ ಅಮ್ಮ ಫೋನ್ ಮಾಡಿ "ಊಟ ಆಯ್ತೇನೇ?" ಅಂದಾಗ ಆಯ್ತು ಅನ್ನಲು ಗಂಟಲು ಕಟ್ಟುತ್ತಿತ್ತು. ನಮಗಿಂತ ಅಲ್ಲಿ ಗಡಿಯಾರ ಮೂರೂವರೆ ಗಂಟೆ ಹಿಂದೆ, ನನ್ನ ಸಂಜೆ ಆರು ಅಂದರೆ ಅಮ್ಮನಿಗೆ ಮಲಗುವ ಹೊತ್ತು.

ಹೋಗುವವರು ಆರೋಗ್ಯದ ವಿಷಯ ಹಗುರವಾಗಿ ತಗೋಬೇಡಿ. ಅಲ್ಲಿನ ಮಲೇರಿಯಾ ಹೆಚ್ಚಾಗಿ ಫಾಲ್ಸಿಪ್ಯಾರಮ್ ಅನ್ನುವ ಬಗೆಯದು, ತಡಮಾಡಿದರೆ ಜೀವಕ್ಕೇ ಅಪಾಯ. ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡಿ, ಸೊಳ್ಳೆ ಪರದೆ ಕಟ್ಟದೆ ಮಲಗಬೇಡಿ. ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಊರಿಗೆ ವಾಪಸ್ ಬಂದ ಮೇಲೆ ಜ್ವರ ಬಂದರೂ ಡಾಕ್ಟರಿಗೆ ಮೊದಲು ಹೇಳಬೇಕಾದ್ದು "ನಾನು ಆಫ್ರಿಕಾದಲ್ಲಿದ್ದೆ" ಅಂತ. ಇನ್ನೊಂದು, ಅಲ್ಲಿನ ಪ್ಲಗ್ಗಿಗೆ ಮೂರು ಚೌಕ ಪಿನ್ನು. ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ಮೇಷ್ಟ್ರು ಈಗಲೂ ಸಂದೇಶ ಕಳಿಸುತ್ತಾರೆ. ಹೋದ ತಿಂಗಳು ಬರೆದಿದ್ದರು: ಬೇಲಿಯ ದಾಸವಾಳ ಕಡಿದುಬಿಟ್ಟಿದ್ದಾರೆ, ಬೋಗನ್‌ವಿಲ್ಲಾದಲ್ಲಿ ಮಾಡಿದರೆ ನಿಂಬೆಗೆ ಬಣ್ಣವೇ ಬದಲಾಗುತ್ತಿಲ್ಲ, ಯಾಕೆ? ನಾನೂ ಮನೆಯ ಕಾಂಪೌಂಡಿನ ಕಾಗದದ ಹೂ ಕಿತ್ತು ನೋಡಿದೆ, ಹಾಗೇ ಆಯಿತು. ಅದರ ಬಣ್ಣ ದಾಸವಾಳದ ಜಾತಿಯದಲ್ಲ, ಬೀಟ್‌ರೂಟ್ ಜಾತಿಯದು ಅಂತ ಉತ್ತರ ಬರೆದೆ. ಬೇರೆ ಯಾವ ಹೂವು ಆಗುತ್ತದೆ ಅಂತ ಅವರು ಅಲ್ಲಿ, ನಾನು ಇಲ್ಲಿ ಹುಡುಕುತ್ತಿದ್ದೇವೆ.