ತೇಗದ ಬೀಜ ಬೆರೆಸೋದು ಬಿಟ್ಟೆ, ಮೂರನೇ ವರ್ಷಕ್ಕೆ ಲೆಕ್ಕ ಸಿಕ್ಕಿತು

ಯಾವ ಮರದ್ದು ಒಳ್ಳೇದು ಅಂತ ತಿಳಿಯೋಕೆ ಪ್ರತಿ ತಾಯಿಮರದ ಬೀಜವನ್ನು ಬೇರೆ ಬೇರೆ ಇಟ್ಟು ಬಿತ್ತುತ್ತೇನೆ ಅಂದಾಗ ನರ್ಸರಿ ಮಾಡುವ ಗೆಳೆಯರೆಲ್ಲ ನಕ್ಕರು. ಚೀಲ ಸುರಿ, ಬೆರೆಸು, ಮಡಿಗೆ ಹಾಕು, ಹುಟ್ಟೋದು ಹುಟ್ಟುತ್ತೆ ಅನ್ನೋದು ಅವರ ಮಾತು. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನೇ. ತೇಗ ನಿಮಗೆ ಗೊತ್ತಲ್ಲ, ನೂರಕ್ಕೆ 30 ಹುಟ್ಟಿದರೆ ಪುಣ್ಯ.

ಮೊದಲ ವರ್ಷ ಸುಮಾರು 20 ಮರದ ಕಾಯಿ ತಂದೆ. ಒಂದೊಂದು ಮರಕ್ಕೆ ಒಂದೊಂದು ಚೀಲ, ಮಾರ್ಕರ್ ಪೆನ್ನಲ್ಲಿ ನಂಬರ್. ಗಟ್ಟಿ ಕಾಯಿ ಮೊಳೆಯಲಿ ಅಂತ ರಾತ್ರಿ ನೆನೆಸೋದು, ಹಗಲು ಬಿಸಿಲಿಗೆ ಹರಡೋದು, ಹತ್ತು ದಿನ ಅದೇ ಕೆಲಸ. ಆರನೇ ದಿನಕ್ಕೆ ನೋಡಿದರೆ ಒಂದು ಚೀಲದ ಮೇಲೂ ನಂಬರ್ ಇಲ್ಲ. ಅಷ್ಟು ಕಾಯಿ, ಅಷ್ಟು ಕೂಲಿ, ಕೊನೆಗೆ ಎಲ್ಲ ಬೆರೆಸಿಯೇ ಬಿತ್ತಿದೆ. ಆ ವರ್ಷ ಹೋದ ದುಡ್ಡಲ್ಲಿ ಒಂದು ಹಳೇ ಬೈಕ್ ಬರುತ್ತಿತ್ತು.

ಎರಡನೇ ವರ್ಷ ಅಲ್ಯೂಮಿನಿಯಂ ತಗಡು ಕತ್ತರಿಸಿ, ಮೊಳೆಯಿಂದ ಕುಟ್ಟಿ ನಂಬರ್ ಮಾಡಿದೆ. ಒಂದು ಮರಕ್ಕೆ ಒಂದು ಮಡಿ. 4ನೇ ಮರದ್ದು ಹೇಗೆ ಎದ್ದಿತು ಅಂದರೆ, ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ದಿನ ಪೈಪ್ ರಿಪೇರಿಗೆ ಅಂತ ಕೂತಾಗ ಗೊತ್ತಾಯಿತು, ಆ ಮಡಿಯ ಪಕ್ಕದಲ್ಲೇ ಜಾಯಿಂಟ್ ಸೋರುತ್ತಿತ್ತು, ಉಳಿದ ಮಡಿಗಳು ಮಧ್ಯಾಹ್ನಕ್ಕೇ ಒಣಗುತ್ತಿದ್ದವು, ಇದು ಮಾತ್ರ ಹಸಿಯಾಗೇ ಇರುತ್ತಿತ್ತು. ಉಳಿದ ಕಾಯಿಯನ್ನು ಬೇರೆ ಕಡೆ ಬಿತ್ತಿದೆ. ಸಾಧಾರಣ ಮರ ಅದು, ಅಷ್ಟೇ. ಮರದ ಗುಣ ಅಂದುಕೊಂಡಿದ್ದು ನೀರಿನ ಗುಣ.

ಮೂರನೇ ವರ್ಷ ಹಟ ಹಿಡಿದೆ. 24 ಮರ, ಒಂದಕ್ಕೊಂದು ನೂರು ಮೀಟರ್ ಆದರೂ ದೂರ ಇರೋದನ್ನೇ ಆರಿಸಿದೆ, ಅಕ್ಕಪಕ್ಕದ ಮರಗಳು ಒಂದೇ ತಾಯಿಯ ಮಕ್ಕಳಾಗಿರಬಹುದು ಅಲ್ವಾ. ಮರಕ್ಕೆ 400 ಕಾಯಿ. ಅದನ್ನು ನೂರು ನೂರರಂತೆ ನಾಲ್ಕು ಪಾಲು ಮಾಡಿ, ನರ್ಸರಿಯ ನಾಲ್ಕು ಕಡೆ ಚೀಟಿ ಎತ್ತಿ ಬಂದ ಕ್ರಮದಲ್ಲಿ ಬಿತ್ತಿದೆ. ಅಂಚಿನ ಸಾಲಿಗೆ ಲೆಕ್ಕಕ್ಕಿಲ್ಲದ ಬೆರಕೆ ಬೀಜ. ಕೂಲಿ ಒಂದೂವರೆ ಪಟ್ಟು ಆಯಿತು, ಮನೆಯಲ್ಲಿ ಬೈಗುಳವೂ ಅಷ್ಟೇ. ಬಿಸಿಲಿಗೆ ಹರಡುವಾಗ ನಾನು ಮಾಡುವ ಒಂದು ಸಣ್ಣ ಕೆಲಸ ಇದೆ, ಅದನ್ನು ಇಲ್ಲಿ ಬರೆಯೋದಿಲ್ಲ, ಕ್ಷಮಿಸಿ.

ಫಲ ಬಂತು. ಒಳ್ಳೇ ಮರದ್ದು ನೂರಕ್ಕೆ 60ರ ಹತ್ತಿರ, ಕೆಟ್ಟದ್ದು 8 ಇರಬೇಕು. ನಾಲ್ಕೂ ಕಡೆ ಹೆಚ್ಚು ಕಡಿಮೆ ಅದೇ ಕ್ರಮ. ಈ ಸಲ ಪೈಪ್ ಮೇಲೆ ಹೊರಿಸೋ ಹಾಗಿರಲಿಲ್ಲ.

ಆ ನೂರಕ್ಕೆ 8ರ ಮರ ನಿದ್ದೆ ಕೆಡಿಸಿತು. ಕಾಯಿ ದಪ್ಪ, ನೋಡೋಕೆ ಚೆಂದ. ಸುತ್ತಿಗೆ ತಗೊಂಡು ಐವತ್ತು ಕಾಯಿ ಒಡೆದೆ. ಒಂದು ಕಾಯಿಯೊಳಗೆ ಬೀಜ ಕೂರುವ ಕೋಣೆ ನಾಲ್ಕು, ಅದರಲ್ಲಿ ಬಹುಪಾಲು ಖಾಲಿ! ಎಷ್ಟು ನೆನೆಸಿ ಒಣಗಿಸಿದರೂ ಇಲ್ಲದ ಬೀಜ ಹುಟ್ಟುತ್ತಾ? ಹೋಗಿ ನೋಡಿದರೆ ಮರ ಒಂಟಿ, ಕಣ್ಣಳತೆಯಲ್ಲಿ ಇನ್ನೊಂದು ತೇಗ ಇಲ್ಲ. ತನ್ನದೇ ಪರಾಗದಿಂದ ತೇಗ ಸರಿಯಾಗಿ ಬೀಜ ಕಟ್ಟೋದಿಲ್ಲ. ಅಂದರೆ ಇದನ್ನೂ ಪೂರ್ತಿ ತಳಿಯ ತಪ್ಪು ಅನ್ನೋ ಹಾಗಿಲ್ಲ. ಈಗ ಯಾವ ಮರದ ಕಾಯಿ ಕೀಳುವ ಮೊದಲೂ ಹತ್ತು ಒಡೆದು ನೋಡುತ್ತೇನೆ, ಸಾಗಾಟದ ಖರ್ಚೇ ಎಷ್ಟೋ ಉಳಿದಿದೆ.

ನಡುವೆ ಗೆದ್ದಲಿನ ಹುಚ್ಚೂ ಹತ್ತಿತ್ತು. ಕಾಯಿಯ ಮೇಲಿನ ಬೆಂಡು ಸಿಪ್ಪೆ ಹೋದರೆ ಮೊಳಕೆ ಸುಲಭ, ಅದನ್ನು ತಿನ್ನಲಿ ಅಂತ ಒಂದು ಪಾಲನ್ನು ಗೆದ್ದಲು ಇರೋ ಕಡೆ ಹರಡಿದೆ. ಸಿಪ್ಪೆ ಚೆನ್ನಾಗೇ ಹೋಯಿತು. ಜೊತೆಗೆ ಪಕ್ಕದ ಶೇಡ್‌ನೆಟ್ಟಿನ ಬಿದಿರು ಕಂಬಗಳೂ ಹೋದವು.

ಸಸಿಗಳನ್ನು ಪಾಲಿಬ್ಯಾಗಿಗೆ ಹಾಕುವಾಗಲೂ ಚೀಟಿ ಎತ್ತಿಯೇ ಜೋಡಿಸಿದೆ. ಎರಡು ತಿಂಗಳವರೆಗೆ ದಪ್ಪ ಕಾಯಿಯ ಮಕ್ಕಳೇ ಮುಂದೆ. ಅದು ತಾಯಿ ಕಟ್ಟಿಕೊಟ್ಟ ಬುತ್ತಿಯ ಬಲ, ಸುಮ್ನೆ ನಂಬಬೇಡಿ. 17ನೇ ಮರದ್ದು ಸಣ್ಣ ಕಾಯಿ, ತಡವಾಗಿ ಹುಟ್ಟಿದ್ದು, ಮೊದಲು ಪೀಚಲಾಗಿತ್ತು. ಎಂಟನೇ ತಿಂಗಳಿಗೆ ಬುಡದ ದಪ್ಪ ಅಳೆದರೆ ಅದೇ ಎರಡನೆಯದೋ ಮೂರನೆಯದೋ. ಬರೀ ಎತ್ತರ ನೋಡಿದ್ದರೆ ಮೋಸ ಹೋಗುತ್ತಿದ್ದೆ, ಒತ್ತಾಗಿ ಇಟ್ಟ ಸಸಿ ಸುಮ್ಮನೆ ಉದ್ದ ಹೋಗುತ್ತೆ.

ಲೆಕ್ಕ ಹಾಕಿದರೆ ಒಂದು ಸಸಿಯ ಖರ್ಚು ಮೊದಲಿಗಿಂತ ಮೂರನೇ ಒಂದು ಪಾಲು ಇಳಿದಿದೆ. ನಕ್ಕವರಲ್ಲಿ ಇಬ್ಬರು ಈಗ 17ರ ಬೀಜ ಮಾತ್ರ ಕೊಡು ಅಂತ ಫೋನ್ ಮಾಡುತ್ತಾರೆ. ಕೊಡೋದಿಲ್ಲ. ಒಂದೇ ತಾಯಿಯ ಮಕ್ಕಳಿಂದ ತೋಪು ತುಂಬಿಸಿದರೆ ನಾಳೆ ಅವು ತಮ್ಮ ತಮ್ಮಲ್ಲೇ ಕೂಡಿ ಬೀಜ ಕಟ್ಟುತ್ತವೆ, ಒಂದು ರೋಗ ಬಂದರೆ ಎಲ್ಲಕ್ಕೂ ಬರುತ್ತೆ. ಎಂಟು ಮರದ ಸಸಿ ಬೆರೆಸಿಯೇ ಕೊಡುತ್ತೇನೆ, ತಗಡಿನ ನಂಬರ್ ಕಟ್ಟಿ.