ಮನೆಗೆ ಮರಳದ ಅರ್ಧ ಗಂಟೆ

ನನ್ನ ಹೊಲಿಗೆ ಯಂತ್ರಕ್ಕೆ ಮೋಟರ್ ಹಾಕಿಸಿದ್ದು 2014ರ ದಸರಾಕ್ಕೆ ಮುಂಚೆ. ಅಲ್ಲಿಯವರೆಗೂ ಕಾಲಿನಲ್ಲಿ ತುಳಿದೇ ಹೊಲಿಯುತ್ತಿದ್ದೆ. ಮೋಟರ್ ಬಂದ ಮೇಲೆ ದಿನಕ್ಕೆ ಎರಡು ರವಿಕೆ ಹೆಚ್ಚಿಗೆ ಮುಗಿಯತೊಡಗಿದವು. ಬಲಗಾಲಿನ ತುದಿಯಿಂದ ಪೆಡಲ್ ಒತ್ತಿದರೆ ಸಾಕು, ಸೂಜಿ ಓಡುತ್ತದೆ. ಮೈಯಲ್ಲಿ ದುಡಿಯುವುದು ಎರಡು ಕೈ, ಎರಡು ಕಣ್ಣು ಅಷ್ಟೇ. ಆ ಸೌಕರ್ಯದ ಬೆಲೆ ಎಷ್ಟೆಂದು ತಿಳಿದದ್ದು 2022ರಲ್ಲಿ, ರಕ್ತಪರೀಕ್ಷೆಯ ಚೀಟಿ ಕೈಗೆ ಬಂದಾಗ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2 ಎಂದಿತ್ತು. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಒಳಗೆ ಕಾಲಿಟ್ಟಂತೆ ಎಂದು ವೈದ್ಯರು ವಿವರಿಸಿದರು. ನನಗೆ ಆಗ 44. ಅಮ್ಮನ ಪಾದದ ಗಾಯ ಮಾಯಲು ಐದು ತಿಂಗಳು ಹಿಡಿದದ್ದನ್ನು ಹತ್ತಿರದಿಂದ ನೋಡಿದವಳು ನಾನು. ಚೀಟಿಯನ್ನು ಮಡಿಸಿ ಅಳತೆ ಪುಸ್ತಕದೊಳಗೆ ಇಟ್ಟೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಜಿಮ್ಮಿಗೆ ಮೂರು ತಿಂಗಳ ಹಣ ಕಟ್ಟಿದೆ, ಒಂಬತ್ತು ದಿನ ಹೋದೆ. ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟು ಎರಡು ವಾರ ಯೋಗಾಸನ ಮಾಡಿದೆ. ‘ಬೆಳಿಗ್ಗೆ ಬೇಗ ಎದ್ದರೆ ಎಲ್ಲ ಆಗುತ್ತದೆ’ ಎನ್ನುವವರು ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ನಿಂತವರಲ್ಲ. ನನ್ನ ಮನೆಯ ಐದರಿಂದ ಏಳೂವರೆ ಹಾಲು, ತಿಂಡಿ, ಮಗನ ಡಬ್ಬಿ, ಅತ್ತೆಯವರ ಮಾತ್ರೆ ಇವುಗಳಿಗೆ ಸೇರಿದ್ದು. ಅದರಲ್ಲಿ ಒಂದು ಗಂಟೆಯನ್ನು ಕಿತ್ತುಕೊಂಡರೆ ಅದರ ಬಾಕಿ ಸಂಜೆಯವರೆಗೂ ನನ್ನ ಬೆನ್ನಟ್ಟುತ್ತಿತ್ತು. ಸಂಜೆಗೆ ಇಟ್ಟುಕೊಂಡರೆ ಅಳತೆ ಕೊಡಲು ಬರುವವರು ಅದೇ ಹೊತ್ತಿಗೆ ಬರುತ್ತಾರೆ. ಎಷ್ಟು ಹೊತ್ತು ನಡೆಯಬೇಕು ಎಂದು ತಲೆ ಕೆಡಿಸಿಕೊಂಡಿದ್ದೆನೇ ಹೊರತು, ಆ ಹೊತ್ತನ್ನು ದಿನದ ಯಾವ ಬಿರುಕಿನಲ್ಲಿ ಸೇರಿಸಬೇಕು ಎಂದು ಯೋಚಿಸಿಯೇ ಇರಲಿಲ್ಲ.

ಆ ಬಿರುಕು ಕಂಡದ್ದು ಒಂದು ಶುಕ್ರವಾರ. ಮಗ ಆಗ ನಾಲ್ಕನೇ ತರಗತಿ. ಅವನ ಶಾಲೆಯ ಬಸ್ಸು ಏಳು ನಲವತ್ತಕ್ಕೆ ನಮ್ಮ ರಸ್ತೆಯ ತಿರುವಿಗೆ ಬರುತ್ತದೆ. ಅವತ್ತು ಅವನನ್ನು ಹತ್ತಿಸಿ, ಕೈಯಲ್ಲಿದ್ದ ಎರಡು ರವಿಕೆಗಳನ್ನು ಸರಸ್ವತಿಪುರಂನ ಒಂದು ಮನೆಗೆ ತಲುಪಿಸಲು ಆಟೊ ಹಿಡಿಯದೆ ನಡೆದೇ ಹೋದೆ. ಮರಳುವಾಗ ಕುಕ್ಕರಹಳ್ಳಿ ಕೆರೆಯ ಗೇಟು ಎದುರಾಯಿತು. ಮೈಸೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದೇನೆ, ಆ ಕೆರೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು. ಒಳಗೆ ಹೋಗಿ ಏರಿಯ ಮೇಲೆ ನಿಂತೆ. ಒಂದು ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿ, ಮೇಲಿನಿಂದ ಇಳಿದು ಬಂತು. ಎರಡೂ ಪಾದಗಳನ್ನು ಮುಂದಕ್ಕೆ ಚಾಚಿ, ಕತ್ತರಿ ಬಟ್ಟೆಯನ್ನು ಸೀಳುವ ಹಾಗೆ ನೀರನ್ನು ಸೀಳುತ್ತಾ ಜಾರಿ, ತಟ್ಟನೆ ನಿಂತು, ರೆಕ್ಕೆಗಳನ್ನು ಮಡಿಸಿಕೊಂಡಿತು. ಅಷ್ಟು ದೊಡ್ಡ ಮೈ, ಅಷ್ಟು ಅಚ್ಚುಕಟ್ಟಾದ ಮಡಿಕೆ. ಇನ್ನೊಂದು ಇಳಿಯಬಹುದೆಂದು ಕಾದೆ. ಕಾಯುತ್ತಾ ನಡೆದೆ. ಮನೆಗೆ ಬಂದಾಗ ಎಂಟೂ ನಲವತ್ತು. ಸುಮಾರು ಒಂದು ಗಂಟೆ ನಡೆದಿದ್ದೆ, ಅದು ವ್ಯಾಯಾಮ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಸೋಮವಾರ ಮತ್ತೆ ಹೋಗಬೇಕೆಂದುಕೊಂಡೆ. ಮಗನನ್ನು ಹತ್ತಿಸಿ, ಚಪ್ಪಲಿ ಬದಲಿಸಲು ಮನೆಗೆ ಬಂದೆ. ಯಂತ್ರದ ಮೇಲೆ ಅರ್ಧ ಹೊಲಿದ ತೋಳು ಬಿದ್ದಿತ್ತು. ‘ಇದೊಂದು ಮುಗಿಸಿ ಹೋಗೋಣ’ ಎಂದು ಕುಳಿತೆ. ಎದ್ದಾಗ ಹನ್ನೊಂದು. ಮಂಗಳವಾರವೂ ಹಾಗೆಯೇ ಆಯಿತು. ಬುಧವಾರ ನನಗೆ ಹೊಳೆಯಿತು: ತಪ್ಪು ನನ್ನ ಮನಸ್ಸಿನ ಗಟ್ಟಿತನದಲ್ಲಿಲ್ಲ, ಹೊಸ್ತಿಲಲ್ಲಿದೆ. ಬಸ್ಸಿನ ತಿರುವಿನಿಂದ ಮನೆಯೊಳಗೆ ಹೋದರೆ ಆ ದಿನದ ನಡಿಗೆ ಮುಗಿದಂತೆ. ಅಂದಿನಿಂದ ಮಗನ ಶೂ ಕಟ್ಟುವಾಗಲೇ ನನ್ನ ಶೂವನ್ನೂ ಹಾಕಿಕೊಳ್ಳುತ್ತೇನೆ. ಬಸ್ಸು ಹೊರಟ ಮೇಲೆ ಮನೆಗೆ ಬೆನ್ನು, ಕೆರೆಗೆ ಮುಖ. ನನಗೆ ನಾನು ಹಾಕಿಕೊಂಡ ಕಟ್ಟಳೆ ಒಂದೇ, ಕೆರೆಯ ಗೇಟಿನವರೆಗೆ ಹೋಗುವುದು. ಗೇಟು ಮುಟ್ಟಿ ಮರಳಿದರೂ ಆ ದಿನದ ಲೆಕ್ಕ ಸಂದಿತು. ಅದಕ್ಕೆ ಹದಿನಾಲ್ಕು ನಿಮಿಷ ಸಾಕು. ಹಾಗೆ ಮರಳಿದ ದಿನಗಳು ಬೆರಳೆಣಿಕೆಯಷ್ಟೇ. ಗೇಟಿನವರೆಗೆ ಹೋದ ಕಾಲು ಒಳಗಿನ ನೀರನ್ನು ನೋಡದೆ ಹಿಂದಿರುಗುವುದಿಲ್ಲ.

ಇದಕ್ಕೆಂದೇ ಹತ್ತಿ ಬಟ್ಟೆಯಲ್ಲಿ ಮೂರು ಕುರ್ತಾ ಹೊಲಿದುಕೊಂಡೆ. ಪಕ್ಕದ ಸೀಳನ್ನು ಎರಡು ಇಂಚು ಹೆಚ್ಚು ಬಿಟ್ಟೆ, ಬಲಗಡೆಯ ಹೊಲಿಗೆಯಲ್ಲಿ ಮನೆಯ ಕೀಲಿ ಹಿಡಿಯುವಷ್ಟು ಜೇಬು ಇಟ್ಟೆ. ಕೈಯಲ್ಲಿ ಚೀಲ ಇದ್ದರೆ ತೋಳು ಬೀಸಿ ನಡೆಯಲು ಆಗುವುದಿಲ್ಲ. ಶೂವನ್ನು ಸಂಜೆ ಹೋಗಿ ಕೊಂಡೆ, ಏಕೆಂದರೆ ದಿನವಿಡೀ ಕುಳಿತ ಪಾದ ಸಂಜೆಗೆ ಊದಿಕೊಂಡಿರುತ್ತದೆ, ಬೆಳಗಿನ ಅಳತೆ ಆಗ ಬಿಗಿಯಾಗುತ್ತದೆ.

ಕೆರೆಯ ಬಗ್ಗೆ ಹೇಳದಿದ್ದರೆ ಏನೂ ಹೇಳಿದಂತಾಗದು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕೆರೆ ಅದು, ಈಗ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಅಂಟಿಕೊಂಡಿದೆ. ಪೂರ್ತಿ ಸುತ್ತಿದರೆ ನಾಲ್ಕೂವರೆ ಕಿಲೋಮೀಟರಿನ ಆಸುಪಾಸು. ನನ್ನನ್ನು ಅಲ್ಲಿ ಹಿಡಿದಿಟ್ಟದ್ದು ಬಣ್ಣ. ದಿನವಿಡೀ ಸೀರೆಗೆ ಹೊಂದುವ ದಾರ ಹುಡುಕುವ ಕಣ್ಣು ನನ್ನದು. ಬಣ್ಣದ ಕೊಕ್ಕರೆಯ ಬಾಲದ ಬಳಿ ಇಳಿಬಿದ್ದ ಗುಲಾಬಿ ಗರಿಗಳಿಗೆ ಸರಿಹೊಂದುವ ದಾರ ನನ್ನ ಡಬ್ಬಿಯಲ್ಲಿ ಇಂದಿಗೂ ಇಲ್ಲ. ಇರುವ ಎರಡರಲ್ಲಿ ಒಂದು ಗಾಢ, ಇನ್ನೊಂದು ಪೇಲವ. ನೇರಳೆ ಜಂಬುಕೋಳಿ ಜೊಂಡಿನಿಂದ ಹೊರಗೆ ಬಂದು ಬಿಸಿಲಿಗೆ ತಿರುಗಿದರೆ ನವಿಲುಕತ್ತಿನ ಬಣ್ಣದ ರೇಷ್ಮೆಯಂತೆ ಒಮ್ಮೆ ನೀಲಿ, ಒಮ್ಮೆ ನೇರಳೆ. ಅದರ ಮೇಲೆ ಕೆಂಪು ಕೊಕ್ಕು, ಹಣೆಯವರೆಗೂ. ಆ ಮೂರು ಬಣ್ಣಗಳನ್ನು ಜೊತೆಗಿಡಲು ನನಗೆ ಧೈರ್ಯ ಬಂದದ್ದು ಅದನ್ನು ನೋಡಿದ ಮೇಲೆಯೇ, ಮದುವೆಯ ಒಂದು ರವಿಕೆಯಲ್ಲಿ. ಹಾವಕ್ಕಿಯ ಗರಿ ನೀರನ್ನು ಹೀರಿಕೊಳ್ಳುತ್ತದೆ. ಮುಳುಗಿ ಮೀನು ಹಿಡಿಯಲು ಅದು ಅನುಕೂಲ, ಆದರೆ ಮೇಲೆ ಬಂದ ಮೇಲೆ ರೆಕ್ಕೆಗಳನ್ನು ಪೂರ್ತಿ ಬಿಡಿಸಿ ಒಣಗಿಸಿಕೊಳ್ಳಲೇಬೇಕು. ತಂತಿಯ ಮೇಲೆ ಹರಡಿದ ಬಟ್ಟೆಯ ಹಾಗೆ ಅದು ನಿಂತಿರುವುದನ್ನು ನೋಡಲು ನಾನೂ ನಿಲ್ಲುತ್ತೇನೆ. ನಿಂತರೆ ವ್ಯಾಯಾಮ ಕೆಡುತ್ತದೆ ಎಂದು ಒಬ್ಬರು ಬುದ್ಧಿ ಹೇಳಿದರು. ನಾನು ಒಪ್ಪುವುದಿಲ್ಲ. ನಿಲ್ಲಲು ಬಿಡದ ನಡಿಗೆಗಳನ್ನೆಲ್ಲ ನಾನು ಹಿಂದೆ ಬಿಟ್ಟು ಬಂದಿದ್ದೇನೆ.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸ ತಾನಾಗಿ ಕೂರುತ್ತದೆ ಎಂದು ಕೇಳಿದ್ದೆ. ಇಪ್ಪತ್ತೆರಡನೆಯ ದಿನ ಸೋಮಾರಿತನ ಮೊದಲಿನಷ್ಟೇ ಇತ್ತು, ಬಹಳ ಕಳವಳವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಹನ್ನೆರಡು ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತಂಗಿ ಓದಿ ಹೇಳಿದಳು. ಅಭ್ಯಾಸ ಕೂರಲು ಹಿಡಿದದ್ದು ಮಧ್ಯಮ ಲೆಕ್ಕದಲ್ಲಿ 66 ದಿನ. ಆದರೆ ಅಂದಾಜು ಒಬ್ಬೊಬ್ಬರಿಗೆ 18ರಿಂದ 254 ದಿನಗಳವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಿರಲಿಲ್ಲ. ನನಗೆ ಐದು ತಿಂಗಳಾಯಿತು. ಶಾಲೆಗೆ ರಜೆ ಇದ್ದ ಒಂದು ಬೆಳಿಗ್ಗೆ, ಬಸ್ಸೇ ಇಲ್ಲದಿದ್ದರೂ ಏಳೂವರೆಗೆ ಕೈ ತಾನಾಗಿ ಶೂ ಹುಡುಕಿತು. ಆಗ ತಿಳಿಯಿತು, ಅಭ್ಯಾಸ ಕೂತಿದೆ ಎಂದು.

ದೊಡ್ಡ ತಪ್ಪು ಒಂದಾಯಿತು. ಜ್ವರ ಬಂದು ನಾಲ್ಕು ದಿನ ಹೋಗಲಿಲ್ಲ. ಐದನೆಯ ದಿನ, ತಪ್ಪಿದ್ದನ್ನು ತೀರಿಸಬೇಕೆಂದು ಎರಡು ಸುತ್ತು ಹಾಕಿದೆ. ಮೊಣಕಾಲಿನ ಕೆಳಗಿನ ಮುಂಗಾಲೆಲುಬು ಒಂದು ವಾರ ನೋಯಿತು, ಮತ್ತೆ ಎಂಟು ದಿನ ತಪ್ಪಿತು. ಡೆಲಿವರಿ ತಡವಾದರೆ ರಾತ್ರಿ ಕುಳಿತು ಮುಗಿಸುವುದು ನನ್ನ ಕಸುಬಿನ ಗುಣ. ಮೈ ಆ ಲೆಕ್ಕಕ್ಕೆ ಒಪ್ಪುವುದಿಲ್ಲ. ತಪ್ಪಿದ ನಡಿಗೆಯನ್ನು ಈಗ ಸಾಲವೆಂದು ಬರೆದುಕೊಳ್ಳುವುದಿಲ್ಲ, ಬಿಟ್ಟುಬಿಡುತ್ತೇನೆ. ಆದರೆ ಆರ್ಡರ್ ಪುಸ್ತಕದ ಪ್ರತಿ ಪುಟದ ಮೊದಲ ಸಾಲಿನಲ್ಲಿ ನನ್ನ ಹೆಸರಿದೆ, ಪಕ್ಕದಲ್ಲಿ ‘ಕೆರೆ, 7.40’ ಎಂದು. ದಸರಾ, ದೀಪಾವಳಿಯ ಮುಂಚೆ ಪುಟ ತುಂಬಿ ಅಂಚಿನಲ್ಲೂ ಬರೆಯುವಾಗ ಆ ಸಾಲು ಉಳಿಯುತ್ತದೆ. ಆ ವಾರಗಳಲ್ಲಿ ಗೇಟು ಮುಟ್ಟಿ ಬಂದರೂ ನನಗೆ ಸಮಾಧಾನ.

ನಡಿಗೆಯೊಂದರಿಂದಲೇ ಮೈಗೆ ಬಲ ಬರದು ಎಂಬುದು ಚಾಮುಂಡಿ ಬೆಟ್ಟದಲ್ಲಿ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆಯ ಜೊತೆಗೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸವನ್ನೂ ಹೇಳುತ್ತದೆ. ಮದುವೆಯಾದ ಹೊಸತರಲ್ಲಿ ಆಷಾಢ ಶುಕ್ರವಾರ ಪ್ರತಿ ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತಾ ಸಾವಿರ ಮೆಟ್ಟಿಲು ಹತ್ತಿದ್ದೆ, ದಣಿವಾದ ನೆನಪೇ ಇಲ್ಲ. ಎರಡು ವರ್ಷಗಳ ಹಿಂದೆ ಒಂದು ಭಾನುವಾರ ಮತ್ತೆ ಹತ್ತಿದಾಗ ನಂದಿಯವರೆಗೆ, ಅಂದರೆ ಸುಮಾರು ಏಳುನೂರು ಮೆಟ್ಟಿಲಿಗೆ, ಆರು ಸಲ ಕುಳಿತೆ. ಆ ಕರಿಯ ನಂದಿಯ ಮುಂದೆ ನಿಂತು ಉಸಿರು ಸರಿಪಡಿಸಿಕೊಂಡು, ಅಲ್ಲಿಂದಲೇ ಇಳಿದೆ. ಹತ್ತಿದ್ದಕ್ಕಿಂತ ಇಳಿದದ್ದು ಹೆಚ್ಚು ಕಾಡಿತು. ಇಳಿಯುವಾಗ ತೊಡೆಯ ಸ್ನಾಯು ಭಾರ ತಡೆಯುತ್ತಲೇ ಉದ್ದವಾಗಬೇಕು, ಅದರ ನೋವು ಎರಡನೆಯ ದಿನಕ್ಕೆ ಏರುತ್ತದೆ. ಮಂಗಳವಾರ ಕೆಳಗೆ ಕುಳಿತು ಬಟ್ಟೆ ಕತ್ತರಿಸಲು ಆಗಲಿಲ್ಲ. ನಾಲ್ಕನೆಯ ಭಾನುವಾರದ ಹೊತ್ತಿಗೆ ಆ ನೋವು ಇರಲಿಲ್ಲ. ಈಗ ಒಂದೊಂದು ರವಿಕೆ ಮುಗಿದಾಗಲೂ ಸ್ಟೂಲಿನಿಂದ ಕೈ ಊರದೆ ಹತ್ತು ಸಲ ಎದ್ದು ಕೂರುತ್ತೇನೆ. ದಿನಕ್ಕೆ ಐದು ರವಿಕೆಯಾದರೆ ಐವತ್ತು ಬಸ್ಕಿ.

ಎಂಟು ತಿಂಗಳ ನಂತರದ ಪರೀಕ್ಷೆಯಲ್ಲಿ 6.2 ಇದ್ದದ್ದು 5.8 ಆಗಿತ್ತು. ರಾತ್ರಿಯ ಅನ್ನವನ್ನೂ ಅರ್ಧ ಮಾಡಿದ್ದೆ, ಆದ್ದರಿಂದ ಪೂರ್ತಿ ಶ್ರೇಯ ನಡಿಗೆಗೆ ಕೊಡಲಾರೆ. ಆದರೆ ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೂ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ ಎಂದು ವೈದ್ಯರು ಹೇಳಿದ ಮೇಲೆ, ಊಟವಾದ ಕೂಡಲೇ ಯಂತ್ರಕ್ಕೆ ಕೂರುವುದನ್ನು ಬಿಟ್ಟಿದ್ದೇನೆ. ಆ ಹದಿನೈದು ನಿಮಿಷ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಾ ಓಡಾಡುತ್ತೇನೆ.

ಈ ವರ್ಷದಿಂದ ಪಕ್ಕದ ಮನೆಯವರು ಜೊತೆಗೆ ಬರುತ್ತಿದ್ದಾರೆ. ಅವರ ಮಗಳೂ ಅದೇ ಬಸ್ಸಿಗೆ ಹತ್ತುತ್ತಾಳೆ. ಮೊದಲ ದಿನ ಚಪ್ಪಲಿಯಲ್ಲಿ ಬಂದಿದ್ದರು, ಮರುದಿನ ಶೂ ಹಾಕಿಕೊಂಡೇ ಬಸ್ಸಿನ ಬಳಿ ನಿಂತಿದ್ದರು. ಹಕ್ಕಿಗಳಲ್ಲಿ ಅವರಿಗೆ ಆಸಕ್ತಿಯಿಲ್ಲ, ಮಾತು ಬೇಕು. ಮಾತನಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ಬಿರುಸು ಸಾಕು ಎಂದು ಹೇಳಿದ್ದೇನೆ. ಅವರು ಮಾತನ್ನು ನಿಲ್ಲಿಸುವುದೇ ಇಲ್ಲ. ಮಗಳ ಪರೀಕ್ಷೆ, ಊರಿನ ಜಮೀನು, ಅಕ್ಕನ ಮನೆಯ ಗೃಹಪ್ರವೇಶ ಎಲ್ಲವನ್ನೂ ಕೇಳುತ್ತಾ ನಡೆಯುತ್ತೇನೆ. ಮಿಂಚುಳ್ಳಿ ಕಂಡಾಗ ಮಾತ್ರ ಅವರ ತೋಳು ಮುಟ್ಟಿ ನಿಲ್ಲಿಸುತ್ತೇನೆ.